ನೆಲ ಮುಟ್ಟಬಾರದ ಕಾಲು

ಕೋಗಳಿಯ ಗಾದೆಮ್ಮನ ಕಲಿಕಾ ಲೈಸೆನ್ಸ್, ಆ ಎಲ್ಎಲ್ಆರ್, ಮುಗಿಯಲು ನಾಲ್ಕು ದಿನ ಉಳಿದಿತ್ತು. ಹಗರಿಬೊಮ್ಮನಹಳ್ಳಿಯಲ್ಲಿ ಲೈಸೆನ್ಸ್ ಪರೀಕ್ಷೆಯ ಕ್ಯಾಂಪ್ ನಡೆಯುವುದು ತಿಂಗಳಿಗೆ ಒಂದೇ ದಿನ. ಆ ದಿನ ಇವತ್ತು. ಹಿಂದಿನ ಎರಡು ಕ್ಯಾಂಪುಗಳಲ್ಲಿ ಅವಳು ಫೇಲಾಗಿದ್ದಳು.

ಪಶು ಆಸ್ಪತ್ರೆಯ ಡಾಕ್ಟರು ಬಿಡಿಸಿ ಹೇಳಿದ್ದರು. ಸೋಮವಾರದೊಳಗೆ ಪಾಸಾದ ಕಾಗದ ತೋರಿಸಿದರೆ ಪಶುಸಖಿಯ ಕೆಲಸ ಗಾದೆಮ್ಮನದು. ಇಲ್ಲವಾದರೆ ಪಟ್ಟಿಯಲ್ಲಿ ಅವಳ ಕೆಳಗಿದ್ದ ರೇಣುಕಾಳದು. ಲಸಿಕೆಯ ಡಬ್ಬಿ ಹೊತ್ತು ಕುರಿಹಟ್ಟಿಯಿಂದ ಕುರಿಹಟ್ಟಿಗೆ ಹೋಗುವ ಕೆಲಸ ಅದು, ಬಸ್ಸು ನಂಬಿ ಆಗುವಂಥದ್ದಲ್ಲ. ರೇಣುಕಾಳಿಗೆ ಲೈಸೆನ್ಸ್ ಇತ್ತು. ಕುರಿಯನ್ನು ಯಾವ ಕಡೆಯಿಂದ ಹಿಡಿಯಬೇಕೆಂಬುದು ಗೊತ್ತಿರಲಿಲ್ಲ.

ಹಾಗೆಂದು ಗಾದೆಮ್ಮ ಗಾಡಿ ಬರದವಳೇನಲ್ಲ. ಹತ್ತು ವರ್ಷ ಎಕ್ಸೆಲ್ ಮೊಪೆಡ್ ಓಡಿಸಿದ್ದಳು. ಗಂಡ ಪಾಲಾಕ್ಷಪ್ಪ ಹಿಂಡಿನ ಮುಂದೆ ನಡೆಯುತ್ತಿದ್ದ, ಇವಳು ಹಿಂದೆ ಗಾಡಿಯಲ್ಲಿ. ಮುಂದಿನ ಜಾಗದಲ್ಲಿ ಅಡುಗೆಯ ಸಾಮಾನು, ಅದರ ಮೇಲೊಂದು ಚೀಲ, ಚೀಲದಿಂದ ತಲೆ ಹೊರಗೆ ಹಾಕಿದ ಎಳೆಯ ಮರಿಗಳು. ಕುರಿ ನಡೆದಷ್ಟೇ ನಿಧಾನಕ್ಕೆ ಗಾಡಿ ಸಾಗಬೇಕು. ಹಾರ್ನ್ ಹೊಡೆದರೆ ಹಿಂಡು ಬೆದರಿ ಹೊಲಕ್ಕೆ ನುಗ್ಗುತ್ತದೆ. ಅದಕ್ಕೇ ಎರಡೂ ಕಾಲು ಇಳಿಬಿಟ್ಟು, ನೆಲ ಸವರುತ್ತ, ಅಡ್ಡ ಬಂದ ಮರಿಯನ್ನು ಪಾದದಿಂದಲೇ ಮೆಲ್ಲಗೆ ಸರಿಸುತ್ತ ಹೋಗುವುದು. ಹತ್ತು ವರ್ಷದಲ್ಲಿ ಒಂದು ಕುರಿಯ ಗೊರಸಿಗೂ ಅವಳ ಚಕ್ರ ತಾಗಿರಲಿಲ್ಲ.

ಹೋದ ವರ್ಷ ಹಿಂಡಿಗೆ ಹಿರೇಬ್ಯಾನಿ ರೋಗ ಬಂತು. ಮೂಗು ಸೋರಿ, ಬಾಯಿ ಹುಣ್ಣಾಗಿ, ಕುರಿಗಳು ನಿಂತಲ್ಲೇ ಕುಸಿದವು. ಹನ್ನೊಂದು ದಿನಕ್ಕೆ ಹಟ್ಟಿ ಬರಿದಾಯಿತು. ಲಸಿಕೆ ಬಂದದ್ದು ಹನ್ನೆರಡನೆಯ ದಿನ. ಪಾಲಾಕ್ಷಪ್ಪ ಬೇರೆಯವರ ಹಿಂಡು ಕಾಯಲು ಹೊರಟುಹೋದ. ಗಾದೆಮ್ಮ ಮಾತ್ರ ದಿನಾ ಬೆಳಿಗ್ಗೆ ಖಾಲಿ ಹಟ್ಟಿಯ ಕಸ ಗುಡಿಸುತ್ತಿದ್ದಳು. ಪಶುಸಖಿಯ ಸುದ್ದಿ ಕಿವಿಗೆ ಬಿದ್ದ ದಿನ ಪೊರಕೆ ಮೂಲೆಗಿಟ್ಟು, ಏಳನೆಯ ತರಗತಿಯ ಸರ್ಟಿಫಿಕೇಟು ಹುಡುಕಿ ತೆಗೆದಳು. ಇನ್ನೊಬ್ಬರ ಹಟ್ಟಿಗಾದರೂ ಲಸಿಕೆ ಹನ್ನೊಂದು ದಿನ ಮೊದಲೇ ಮುಟ್ಟಬೇಕು ಎಂಬುದೊಂದೇ ಅವಳ ಆಸೆ.

ಆದರೆ ಆ ಎಂಟು. ಮೈದಾನದಲ್ಲಿ ಸುಣ್ಣದ ಪುಡಿಯಿಂದ ಬರೆದ ಎಂಟರೊಳಗೆ ಕಾಲು ಊರದೆ ಸುತ್ತಿ ಬರಬೇಕು. ಮೊದಲ ಸಲ ನಡುವಿನ ತಿರುವಿನಲ್ಲಿ ಎರಡೂ ಕಾಲು ತಾವೇ ಇಳಿದವು. "ಯಾಕಮ್ಮ ಕಾಲು ಬಿಟ್ಟಿರಿ?" ಎಂದು ಇನ್ಸ್‌ಪೆಕ್ಟರ್ ಭರತ್ ಕೇಳಿದರೆ ಅವಳು ಬಗ್ಗಿ ತನ್ನ ಪಾದಗಳನ್ನೇ ನೋಡಿದಳು. ಎರಡನೆಯ ಸಲ ಅವರು ಸೀಟಿ ಊದಿದ ಮೇಲೆಯೇ ಕಾಲು ನೆಲದಲ್ಲಿರುವುದು ಅವಳಿಗೆ ತಿಳಿದದ್ದು.

ಮಗಳು ಚಂದನಾ ಹಗರಿಬೊಮ್ಮನಹಳ್ಳಿಯಲ್ಲಿ ಡಿಗ್ರಿ ಓದುತ್ತಿದ್ದಳು. ಹಟ್ಟಿಯ ಬಯಲಲ್ಲಿ ಬೂದಿಯಿಂದ ಎಂಟು ಬರೆದು ಅವ್ವನಿಗೆ ಕಲಿಸಿದಳು. ಬೂದಿ ಅಳಿಸಿ ಹೋಯಿತೇ ಹೊರತು ಕಾಲು ನಿಲ್ಲಲಿಲ್ಲ. ಮೂರು ದಿನದ ಹಿಂದೆ ಗಾದೆಮ್ಮ ಹಳೆಯ ಸೀರೆ ಹರಿದು ಮಗಳ ಕೈಗೆ ಕೊಟ್ಟಳು.

"ಕಾಲು ಗಾಡಿಗೆ ಕಟ್ಟಿಬಿಡು."

"ತಲಿ ಕೆಟ್ಟೈತೇನ್ಬೇ ನಿನಗ?"

"ಕಟ್ಟು ಅಂದ್ರ ಕಟ್ಟು."

ಕಟ್ಟಿದಳು. ಮೊದಲ ತಿರುವಿನಲ್ಲೇ ಗಾದೆಮ್ಮ ಗಾಡಿಯ ಸಮೇತ ಉರುಳಿದಳು. ಮೊಣಕೈ ಚರ್ಮ ಸುಲಿಯಿತು. ಗಂಟು ಬಿಚ್ಚುತ್ತ ಚಂದನಾ ಕೇಳಿದಳು, "ಎವ್ವಾ, ಖರೇ ಹೇಳು. ಆ ತಿರುವಿನಾಗ ನಿನಗ ಏನ್ ಕಾಣ್ತೈತಿ?"

"ಏನೂ ಇಲ್ಲ."

"ಏನೂ ಇಲ್ಲಂದ್ರ ಕಾಲ್ಯಾಕ ಇಳಿತಾವ?"

"ಮರಿ ಅಡ್ಡ ಬರ್ತಾವಲ್ಲ," ಎಂದಳು ಗಾದೆಮ್ಮ. ಅಂದ ಮೇಲೆ ತನ್ನ ಮಾತು ತನಗೇ ಕೇಳಿಸಿತು. ಕುರಿಗಳು ಸತ್ತ ಸಂಗತಿ ಊರಿಗೆಲ್ಲ ಗೊತ್ತಿತ್ತು. ಅವಳ ಕಾಲುಗಳಿಗೆ ಯಾರೂ ಹೇಳಿರಲಿಲ್ಲ.

ಇವತ್ತು ಸಾಲಿನಲ್ಲಿ ಅವಳ ಮುಂದೆ ಕೂಡ್ಲಿಗಿ ಕಡೆಯ ಸಿದ್ದಲಿಂಗ ನಿಂತಿದ್ದ. ಅವನಿಗೂ ಇದು ಮೂರನೆಯ ಸಲ.

"ಬರ್ರಿ ಅಕ್ಕಾರ. ನಮ್ಮ ಕ್ಲಾಸಿನ್ಯಾಗ ನಾವಿಬ್ರ ಉಳಿದೀವಿ ನೋಡ್ರಿ. ಇನ್ನೊಂದ್ಸಲ ಫೇಲಾದ್ರ ಸಾಹೇಬ್ರು ನಮಗ ಹಾಜರಿ ಹಾಕ್ತಾರ."

ಸಾಲಿನವರು ನಕ್ಕರು. ಗಾದೆಮ್ಮ ಸುಣ್ಣದ ಗೆರೆ ನೋಡುತ್ತಿದ್ದಳು.

"ಕಾಲು ಇಳಸಬ್ಯಾಡ್ರಿ ಮತ್ತ. ಹೋದ ಸಲ ನೀವು ಗಾಡಿ ಹೊಡೀತಿದ್ರೋ, ಗಾಡೀನ ಕೈಹಿಡಿದು ನಡೆಸ್ತಿದ್ರೋ ನನಗ ತಿಳೀಲಿಲ್ಲ."

ಅವನ ಸರದಿ ಬಂತು. ಸೊಟ್ಟಸೊಟ್ಟಾಗಿಯೇ ಸುತ್ತಿದ, ಗೆರೆ ಮುಟ್ಟಲಿಲ್ಲ, ಪಾಸಾದ. ಕೈ ಬೀಸುತ್ತ ಹೋದವನ ಹಿಂದೆ ಸಾಲಿನ ನಗುವೂ ಹೋಯಿತು. ಗಾದೆಮ್ಮ ಗಾಡಿಯನ್ನು ಅಲ್ಲೇ ನಿಲ್ಲಿಸಿ ಭರತ್ ಸಾಹೇಬರ ಮುಂದೆ ಹೋಗಿ ನಿಂತಳು.

"ಸಾಹೇಬ್ರ, ಕಾಲು ಕಟ್ಟಿಕೊಂಡು ಹೊಡೀಲ್ರಿ?"

ಅವರು ಅವಳ ಮೊಣಕೈಯ ಪಟ್ಟಿ ನೋಡಿದರು. "ಬೇಡಮ್ಮ. ಬಿದ್ದರೆ?"

"ಬಿದ್ರ ಬೀಳ್ಲಿ ಬಿಡ್ರಿ."

"ರಸ್ತೆಯಲ್ಲೂ ಕಟ್ಟಿಕೊಂಡು ಹೋಗ್ತೀರಾ? ಹೋಗಿ, ಧೈರ್ಯವಾಗಿ ಸುತ್ತಿ ಬನ್ನಿ."

ವಾಪಸು ಬಂದು ಗಾಡಿ ಹತ್ತಿದಳು. ಜೊತೆಗೆ ಬಂದಿದ್ದ ಚಂದನಾ ಹತ್ತಿರ ಬಂದು, ಯಾರಿಗೂ ಕೇಳದಂತೆ, ಒಂದು ವರ್ಷದಿಂದ ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡದ ಮಾತನ್ನು ಆಡಿದಳು.

"ಅವು ಇಲ್ಲಬೇ. ಒಂದೂ ಇಲ್ಲ."

ಗಾದೆಮ್ಮ ಮಗಳ ಮುಖ ನೋಡಲಿಲ್ಲ. ಗಾಡಿ ಬಿಟ್ಟಳು.

ಮೊದಲ ಸುತ್ತು ಸಲೀಸಾಗಿ ಕಳೆಯಿತು. ನಡುವಿನ ತಿರುವು ಬಂದಾಗ ಗಾಡಿ ನಿಧಾನವಾಯಿತು, ಅಂಗಾಲು ಜುಮ್ಮೆಂದಿತು. ಅವು ಅಲ್ಲೇ ಇದ್ದವು. ಕಿವಿ ಹರಿದ ಮುದಿ ಕುರಿ, ಅದರ ಅವಳಿ ಮರಿಗಳು, ಸದಾ ಹಿಂದೆ ಉಳಿಯುತ್ತಿದ್ದ ಕುಂಟ ಟಗರು. ಉಣ್ಣೆಯ ಕಮಟು ವಾಸನೆ ಕೂಡ ಬಂತು. ಬಲಗಾಲು ಎದ್ದಿತು. ಮಗಳ ಮಾತು ಎದೆಗೆ ಒತ್ತಿತು. ಗಾದೆಮ್ಮ ಹಲ್ಲು ಕಚ್ಚಿ ಆ ಕಾಲನ್ನು ಗಾಡಿಯ ಮೇಲೇ ಅದುಮಿದಳು, ಬೆರಳುಗಳಿಂದ ತಗಡನ್ನು ಗೀರಿ ಹಿಡಿದಳು, ಕಣ್ಣು ಮುಚ್ಚದೆ ನೇರವಾಗಿ ಅವುಗಳ ನಡುವೆ ಗಾಡಿ ಹಾಯಿಸಿದಳು. ಮುದಿ ಕುರಿಯ ಮೇಲೆ ಹಾಯಿತು. ಮರಿಗಳ ಮೇಲೆ ಹಾಯಿತು. ಚಕ್ರಕ್ಕೆ ಏನೂ ತಾಗಲಿಲ್ಲ. ಒಂದೂ ಕೂಗಲಿಲ್ಲ.

ಎಂಟು ಮುಗಿದು ಆಚೆ ಬಂದಾಗ ಭರತ್ ಸಾಹೇಬರು ಕಾಗದದ ಮೇಲೆ ಗೀಟು ಎಳೆದು, "ಆಯ್ತಮ್ಮ, ಪಾಸು" ಎಂದರು. ಅವಳು ನಿಲ್ಲಿಸಲಿಲ್ಲ. ಮೈದಾನದ ಅಂಚಿನವರೆಗೆ ಹೋಗಿ, ಗಾಡಿಗೆ ಸ್ಟ್ಯಾಂಡ್ ಹಾಕಿ, ನೆಲಕ್ಕೆ ಕುಸಿದು ಕೂತಳು.

ಚಂದನಾ ಓಡಿ ಬಂದಳು. "ಎವ್ವಾ, ಪಾಸಾತು."

"ಹೂಂ."

"ಏಳು ಮತ್ತ."

"ಒಂದೂ ಒದರಲಿಲ್ಲ ನೋಡವ್ವ," ಎಂದಳು ಗಾದೆಮ್ಮ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ವರ್ಷದ ಹಿಂದೆ ಹಟ್ಟಿಯಲ್ಲಿ ಬಾರದೆ ಹೋದ ಅಳು ಈಗ ಹಗರಿಬೊಮ್ಮನಹಳ್ಳಿಯ ಬಯಲಲ್ಲಿ, ಅಷ್ಟು ಜನರ ಮುಂದೆ ಬಂತು. ಚಂದನಾ ಪಕ್ಕದಲ್ಲಿ ಕೂತು, ಅವ್ವನ ಬೆನ್ನ ಮೇಲೆ ಕೈಯಿಟ್ಟು, ಇನ್ನೊಂದು ಕೈಯಲ್ಲಿ ಡಾಕ್ಟರಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದಳು. ಪಾಸಾದ ಸುದ್ದಿ ಕೇಳಿ ಅವರು ಮಂಗಳವಾರವೇ ಕೆಲಸ ಶುರುವೆಂದರು. ಮಾಗಳ ಊರಿನ ಹತ್ತಿರ ಹಿಂಡುಗಳು ಬೀಡು ಬಿಟ್ಟಿವೆ, ನಾಲ್ಕೈದು ಕುರಿಗಳ ಮೂಗು ಸೋರುತ್ತಿದೆಯಂತೆ, ಅಷ್ಟು ದೂರ ಹೋಗಲು ಆಗುತ್ತದೆಯೇ ಎಂದು ಕೇಳಿದರು.

ಗಾದೆಮ್ಮ ಫೋನು ಕಸಿದುಕೊಂಡಳು.

"ಮಂಗಳವಾರ ಅಂದ್ರ ತಡ ಆಗತೈತ್ರಿ ಸರ. ನಾಳೆ ಮುಂಜಾನಿ ಅವರು ಕುರಿ ಬಿಡೂಕಿಂತ ಮೊದಲ ಅಲ್ಲಿರ್ತೀನಿ."