ಭಾವ ಕೇಳಿದ ಒಂದು ಮಾತು

ವಾದಿರಾಜ ಭಾವನಿಗೆ ಆ ಶಸ್ತ್ರಚಿಕಿತ್ಸೆ ಬೇಕಾಗಿರಲಿಲ್ಲ. ಬೇಕಾಗಿದ್ದದ್ದು ನನಗೆ. ಇಷ್ಟನ್ನು ನೇರವಾಗಿ ಬರೆಯಲು ನನಗೆ ವರ್ಷಗಳು ಹಿಡಿದವು — ಬರೆದ ಮೇಲೂ ಅಳಿಸಿಬಿಡೋಣ ಅನ್ನಿಸುತ್ತಿದೆ. ಅಳಿಸುವುದಿಲ್ಲ.

ನಾನು ಠಾಣೆಯ ಒಂದು ಆಸ್ಪತ್ರೆಯಲ್ಲಿ ಸರ್ಜನ್. ಮೂತ್ರಕೋಶ, ಪ್ರಾಸ್ಟೇಟ್ ಗ್ರಂಥಿ ನನ್ನ ವಿಭಾಗ. ಭಾವ ನನ್ನ ಒಬ್ಬಳೇ ಅಕ್ಕನ ಗಂಡ; ಅವರ ಮಗಳು ಶ್ರಾವ್ಯ. ಉಡುಪಿಯಿಂದ ಚಿಕ್ಕಂದಿನಲ್ಲೇ ಬಂದವರು, ಮಾಜಿವಾಡಾದಲ್ಲಿ ಶಾಕಾಹಾರಿ ಹೋಟೆಲು ಇಟ್ಟಿದ್ದರು, ಮನೆ ಸಾನಪಾಡಾದಲ್ಲಿ. ಬಿಳಿ ಅಂಗಿ, ಬಿಳಿ ಪಂಚೆ, ಹಣೆಗೆ ಗಂಧ — ಅವರು ಗಲ್ಲಾದ ಹಿಂದೆ ಕೂತಿದ್ದರೆ ಹೋಟೆಲಿಗೇ ಒಂದು ಶುಚಿ ಬರುತ್ತಿತ್ತು. ಮೇಜು ಒರೆಸಿದ ಬಟ್ಟೆಯಲ್ಲಿ ಚೂರು ವಾಸನೆಯಿದ್ದರೂ ಅದನ್ನು ಎರಡು ಬೆರಳಲ್ಲಿ ಎತ್ತಿ ಹೊರಗೆ ಎಸೆಯುವ ಮನುಷ್ಯ.

ಮಾಮೂಲಿ ತಪಾಸಣೆಯಲ್ಲಿ ಅವರ ಪ್ರಾಸ್ಟೇಟಿನಲ್ಲಿ ಕ್ಯಾನ್ಸರ್ ಇದೆಯೆಂದು ತಿಳಿಯಿತು. ಸಣ್ಣದು, ನಿಧಾನವಾಗಿ ಬೆಳೆಯುವ ಜಾತಿಯದು. ಇಂಥದ್ದನ್ನು ಮುಟ್ಟದೆ, ಆಗಾಗ ಪರೀಕ್ಷೆ ಮಾಡಿಸುತ್ತ ವರ್ಷಗಟ್ಟಲೆ ಕಾಯಬಹುದು. ಎಷ್ಟೋ ಜನ ಅದರ ಜೊತೆಗೇ ಬದುಕಿ, ಬೇರೇನೋ ಕಾರಣಕ್ಕೆ ಸಾಯುತ್ತಾರೆ. ನಮ್ಮ ವಿಭಾಗದ ಹಿರಿಯ ಡಾಕ್ಟರು ವರದಿ ನೋಡಿ ಮರಾಠಿಯಲ್ಲಿ ಅಂದರು: “ಹ್ಯಾಲಾ ಹಾತ್ ಲಾವೂ ನಕೋಸ್. ಲಕ್ಷ ಠೇವ್, ಬಸ್.” ಮುಟ್ಟಬೇಡ, ಗಮನ ಇಟ್ಟಿರು — ಅಷ್ಟೇ. ನಾನು ತಲೆಯಾಡಿಸಿದೆ. ಆ ಮಾತನ್ನು ಭಾವನಿಗೆ ದಾಟಿಸಲಿಲ್ಲ.

ಏಕೆಂದರೆ ಆಗಷ್ಟೇ ನಮ್ಮಲ್ಲಿಗೆ ರೋಬೋಟ್ ಬಂದಿತ್ತು. ರೋಬೋಟ್ ತಾನಾಗಿ ಏನೂ ಮಾಡುವುದಿಲ್ಲ. ಸರ್ಜನ್ ಅದೇ ಕೋಣೆಯ ಮೂಲೆಯಲ್ಲಿ ಕೂತು, ಪರದೆಯೊಳಗೆ ಕಣ್ಣಿಟ್ಟು ಬೆರಳಾಡಿಸಿದರೆ, ರೋಗಿಯ ಹೊಟ್ಟೆಯೊಳಗಿನ ಸಣ್ಣ ಉಕ್ಕಿನ ಕೈಗಳು ಹಾಗೇ ಆಡುತ್ತವೆ. ತರಬೇತಿ ಮುಗಿಸಿದ್ದೆ, ಅನುಭವಿಗಳ ಕಣ್ಣೆದುರು ಒಂದಷ್ಟು ಮಾಡಿದ್ದೆ. ನನ್ನಷ್ಟಕ್ಕೆ ಒಂದೂ ಮಾಡಿರಲಿಲ್ಲ. ಯಂತ್ರ ಸುಮ್ಮನೆ ನಿಂತಿದೆಯಲ್ಲ ಎಂದು ಆಡಳಿತದವರು ಕೇಳುತ್ತಿದ್ದರು. ನನಗೆ ಸುಲಭದ ಒಬ್ಬ ರೋಗಿ ಬೇಕಾಗಿತ್ತು. ತೆಳ್ಳಗಿನ ಮೈ, ಸಣ್ಣ ಗಡ್ಡೆ, ಪ್ರಶ್ನೆ ಕೇಳದ ಮನುಷ್ಯ — ಭಾವನ ವರದಿ ಕೈಯಲ್ಲಿ ಹಿಡಿದಾಗ ನನಗೆ ದುಃಖವಾಗಬೇಕಿತ್ತು. ಆದದ್ದು... ಸಮಾಧಾನ. ಹೌದು, ಸಮಾಧಾನ.

ಆದರೆ ಅವರು ಪ್ರಶ್ನೆ ಕೇಳಿದರು.

“ಸ್ವಲ್ಪ ಕಾಯ್ಲಿಕ್ಕೆ ಆಗುದಿಲ್ವಾ ಪ್ರಸನ್ನ? ಶ್ರಾವ್ಯನ ಮದುವೆ ಒಂದು ಮುಗಿಯಲಿ ಅಂತ.”

“ಕ್ಯಾನ್ಸರ್ ಕಾಯುದಿಲ್ಲ ಭಾವ,” ಅಂದೆ.

ಅಕ್ಕ ಅವರ ಪಕ್ಕದಲ್ಲೇ ಕೂತಿದ್ದಳು. ಅವಳ ಮುಖ ಬಿಳಿಚಿಕೊಂಡಿತು. ಭಾವ ಅವಳನ್ನು ನೋಡಿ ನಕ್ಕು, ನನ್ನ ಕಡೆ ತಿರುಗಿದರು. “ಇಂಥದ್ದು ಎಷ್ಟು ಮಾಡಿದ್ದಿ ಮಾರಾಯ ನೀನು?”

“ಲೆಕ್ಕ ಇಟ್ಟಿಲ್ಲ.”

ವಿನಯದಂತೆ ಕಂಡಿರಬೇಕು ಅದು. “ಹಾಗಾದ್ರೆ ಹೆದರಿಕೆ ಎಂತದ್ದು,” ಅಂದರು ಭಾವ.

ಶಸ್ತ್ರಚಿಕಿತ್ಸೆಯ ದಿನ ಒಳಗೆ ಏನಾಯಿತು ಎಂಬುದನ್ನೂ ಹೇಳಬೇಕು. ಪ್ರಾಸ್ಟೇಟಿನ ಎರಡೂ ಬದಿಗೆ ಜೇಡನ ಬಲೆಯ ಹಾಗೆ ನರಗಳು ಅಂಟಿಕೊಂಡಿರುತ್ತವೆ — ಗಂಡಸಿನ ಗಂಡಸುತನ ಆ ಬಲೆಯಲ್ಲಿದೆ. ಕೆಳತುದಿಯಲ್ಲಿ ಮೂತ್ರ ಹಿಡಿದಿಡುವ ಸ್ನಾಯು. ಕೈಯಲ್ಲಿ ಮಾಡುವಾಗ ಎಷ್ಟು ಎಳೆದೆ, ಎಷ್ಟು ಒತ್ತಿದೆ ಎಂದು ಬೆರಳಿಗೆ ಗೊತ್ತಾಗುತ್ತದೆ. ಈ ಯಂತ್ರದಲ್ಲಿ ಸ್ಪರ್ಶವಿಲ್ಲ, ಎಲ್ಲವನ್ನೂ ಕಣ್ಣಿನಿಂದಲೇ ಅಳೆಯಬೇಕು. ಒಂದು ಕಡೆ ರಕ್ತ ಒಸರಿತು. ಹೆಚ್ಚಲ್ಲ. ನಿಧಾನವಾಗಿ ಹೊಲಿಗೆ ಹಾಕಿದ್ದರೆ ನಿಲ್ಲುತ್ತಿತ್ತು. ಆದರೆ ನನ್ನ ಬೆನ್ನ ಹಿಂದೆ ಜನ ನಿಂತಿದ್ದರು, ಪರದೆ ಕೆಂಪಾಗುವುದನ್ನು ಅವರೂ ನೋಡುತ್ತಿದ್ದರು — ನಾನು ಶಾಖ ಕೊಟ್ಟು ಸುಟ್ಟೆ. ಮತ್ತೆ ಸುಟ್ಟೆ. ನರಗಳಿಗೆ ಶಾಖ ತಾಗಬಾರದೆಂಬುದು ವಿದ್ಯಾರ್ಥಿಗೂ ಗೊತ್ತು. ಆಮೇಲೆ, ಹೋದ ಹೊತ್ತನ್ನು ಹಿಡಿಯಲು, ಕೆಳತುದಿಯಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಕತ್ತರಿಸಿದೆ. ಕೆಲಸ ಮುಗಿದಾಗ ಎಲ್ಲರೂ ಕೈಕುಲುಕಿದರು. ಹೊರಗೆ ಬಂದು ಅಕ್ಕನಿಗೆ ಹೇಳಿದೆ: “ಚಂದ ಆಯ್ತು ಅಕ್ಕ.” ಅವಳು ನನ್ನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು. ಅದೇ ಕೈಗಳನ್ನು.

ಮೂತ್ರಕ್ಕೆಂದು ಹಾಕಿದ್ದ ಕೊಳವೆ ತೆಗೆದ ಮೇಲೆ ಭಾವನಿಗೆ ಮೂತ್ರ ನಿಲ್ಲಲಿಲ್ಲ. ಮೊದಮೊದಲು ಎಲ್ಲರಿಗೂ ಹೀಗೇ, ಸರಿಹೋಗುತ್ತದೆ, ಅಂದೆ. ಸರಿಹೋಗಲಿಲ್ಲ. ಡೈಪರ್ ಹಾಕಿಕೊಂಡು ಗಲ್ಲಾದ ಹಿಂದೆ ಕೂತರು. ಒಂದು ದಿನ ಬಿಲ್ಲು ಕೊಡಲು ಬಂದ ಗಿರಾಕಿಯೊಬ್ಬ ಮೂಗು ಮುಚ್ಚಿಕೊಂಡು, “ಇಧರ್ ಕುಛ್ ಬಾಸ್ ಆ ರಹೀ ಹೈ” — ಇಲ್ಲೇನೋ ನಾತ ಬರುತ್ತಿದೆ — ಅಂದನಂತೆ. ಭಾವ ಮಾರನೆಯ ದಿನದಿಂದ ಹೋಟೆಲಿಗೆ ಹೋಗಲಿಲ್ಲ. ತಮ್ಮನ ಮಗನನ್ನು ಅಲ್ಲಿ ಕೂರಿಸಿ ಸಾನಪಾಡಾದ ಮನೆಯಲ್ಲಿ ಉಳಿದರು. ದೇವರ ಕೋಣೆಗೂ ಹೋಗುವುದನ್ನು ಬಿಟ್ಟರು. ಬೇರೆ ಕೋಣೆಯಲ್ಲಿ ಮಲಗತೊಡಗಿದರು.

ಅಕ್ಕ ಒಬ್ಬಳೇ ನನ್ನ ಕ್ಲಿನಿಕ್ಕಿಗೆ ಬಂದಳು. “ಎಂತ ಆದದ್ದು ಇವರಿಗೆ? ನನ್ನ ಹತ್ರ ಮಾತೇ ಇಲ್ಲ.”

ಅದು ನಾನು ಸತ್ಯ ಹೇಳಬಹುದಾಗಿದ್ದ ಗಳಿಗೆ. ನಾನು ಹೇಳಿದ್ದು: “ಸ್ನಾಯುವಿಗೆ ವ್ಯಾಯಾಮ ಹೇಳಿಕೊಟ್ಟಿದ್ದೇನೆ ಅಕ್ಕ. ಮಾಡಿದವರಿಗೆಲ್ಲ ಸರಿಯಾಗ್ತದೆ. ಭಾವ ಮಾಡುದಿಲ್ಲ. ಸ್ವಲ್ಪ ಸೋಮಾರಿತನ.”

ಸೋಮಾರಿತನ. ಆ ಪದವನ್ನು ನಾನು ಅವಳ ಕೈಯಲ್ಲಿಟ್ಟೆ, ಅವಳು ಅದನ್ನು ಮನೆಗೆ ಒಯ್ದಳು. ಅಕ್ಕ ಕಟುಕಳಲ್ಲ. ಗಂಡ ಮೊದಲಿನಂತಾಗಲಿ ಎಂಬ ಆಸೆಯಿಂದಲೇ ಅವಳು ದಿನಾ ಹಂಗಿಸತೊಡಗಿದಳು — ಕೂತಾಗ, ನಿಂತಾಗ, ಹಾಸಿಗೆಯ ಹೊದಿಕೆ ಬದಲಿಸುವಾಗ. ಭಾವ ವ್ಯಾಯಾಮ ಮಾಡುತ್ತಲೇ ಇದ್ದರು. ಆದರೆ ಅದು ಹೊರಗೆ ಕಾಣುವ ವ್ಯಾಯಾಮವಲ್ಲ. ಮಾಡುತ್ತಿದ್ದೇನೆಂದು ತೋರಿಸುವುದು ಹೇಗೆ?

ಕೊನೆಗೆ ಅವರು ಯಾರಿಗೂ ಹೇಳದೆ ವಾಶಿಯ ಇನ್ನೊಬ್ಬ ಡಾಕ್ಟರ ಬಳಿ ಹೋದರು. ಅಲ್ಲಿಂದ ನೇರ ನನ್ನಲ್ಲಿಗೆ ಬಂದರು. ಕುರ್ಚಿ ತೋರಿಸಿದೆ. ಕೂರಲಿಲ್ಲ — ಕುರ್ಚಿ ಒದ್ದೆಯಾದೀತೆಂದು.

“ಕಾಯ್ಬಹುದಿತ್ತಂತೆ,” ಅಂದರು. “ಇನ್ನು ಎಷ್ಟು ವ್ಯಾಯಾಮ ಮಾಡಿದ್ರೂ ಅಷ್ಟೇ ಅಂತೆ.”

ನಾನು ಮೇಜಿನ ಮೇಲಿದ್ದ ಕಾಗದಗಳನ್ನು ಜೋಡಿಸತೊಡಗಿದೆ.

“ನಿನ್ನ ತಪ್ಪನ್ನು ಹೇಳು ಅಂತ ನಾನು ಹೇಳುದಿಲ್ಲ. ಅವಳಿಗೆ ಇರುದು ನೀನೊಬ್ಬನೇ ತಮ್ಮ. ನಾನು ಸೋಮಾರಿ ಅಲ್ಲ ಅಂತ ಒಂದು ಮಾತು ಅವಳಿಗೆ ಹೇಳು. ನಾನು ಹೇಳಿದ್ರೆ ನಂಬುದಿಲ್ಲ. ನೀನು ಹೇಳಿದ್ರೆ ನಂಬ್ತಾಳೆ.”

“ಹೇಳ್ತೇನೆ ಭಾವ,” ಅಂದೆ.

ಹೇಳಲಿಲ್ಲ. ಹೇಳಿದರೆ ಅಕ್ಕ, ಹಾಗಾದರೆ ಯಾಕೆ ಹೀಗಾಯಿತು, ಎಂದು ಕೇಳುತ್ತಾಳೆ. ಒಂದು ಪ್ರಶ್ನೆ ತಪ್ಪಿಸಿಕೊಳ್ಳಲು — ಅಷ್ಟಕ್ಕೇ — ಆ ಒಂದು ಮಾತನ್ನು ಮುಂದೂಡುತ್ತ ಹೋದೆ. ಅಷ್ಟರಲ್ಲಿ ರೋಬೋಟಿನಲ್ಲಿ ನನ್ನ ಕೈ ಪಳಗಿತ್ತು. ಸಭೆಗಳಲ್ಲಿ ಭಾಷಣಕ್ಕೆ ಕರೆಯುತ್ತಿದ್ದರು. ಹೋಗುತ್ತಿದ್ದೆ.

ಶ್ರಾವ್ಯಳ ಮದುವೆ ಡೊಂಬಿವಲಿಯ ಹಾಲ್‌ನಲ್ಲಿ ನಡೆಯಿತು. ಸೋದರಮಾವನೆಂದು ನಾನೇ ಮದುಮಗಳನ್ನು ಕೈಹಿಡಿದು ಮಂಟಪಕ್ಕೆ ಕರೆತಂದೆ. ಧಾರೆ ಎರೆಯುವ ತನಕ ಭಾವ ಮಣೆಯ ಮೇಲೆ ಕೂತೇ ಇದ್ದರು. ಮಡಿಪಂಚೆಯ ಕೆಳಗೆ ಡೈಪರ್ ಹಾಕಲು ಅವರ ಮನಸ್ಸು ಒಪ್ಪಿರಲಿಲ್ಲ. ಶಾಸ್ತ್ರ ಮುಗಿದು ಏಳಬೇಕಾದಾಗ ಏಳಲಿಲ್ಲ. ಪುರೋಹಿತರು, ಏಳಿ ಏಳಿ, ಅಂದರು. ಎದ್ದರು. ಪಂಚೆಯ ಹಿಂಭಾಗ, ಮಣೆ — ಎಲ್ಲರಿಗೂ ಕಂಡಿತು. ಬೀಗರ ಕಡೆಯ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಅಕ್ಕ ಅವಮಾನದಲ್ಲಿ ಮೈಕು ಪಕ್ಕದಲ್ಲೇ ಇರುವುದನ್ನೂ ಮರೆತು ಅಂದಳು: “ವ್ಯಾಯಾಮ ಮಾಡಿ ಅಂತ ಬಡ್ಕೊಂಡೆ. ಮಗಳ ಮದುವೆಗಾದ್ರೂ ಸೋಮಾರಿತನ ಬಿಡ್ಬಾರ್ದಿತ್ತಾ?”

ಹಾಲ್ ತುಂಬ ಕೇಳಿಸಿತು. ಭಾವ ಅವಳ ಕಡೆ ನೋಡಲಿಲ್ಲ. ನನ್ನ ಕಡೆ ನೋಡಿದರು. ಸಿಟ್ಟಿರಲಿಲ್ಲ ಆ ನೋಟದಲ್ಲಿ. ಕಾಯುತ್ತಿದ್ದರು. ನಾನು ಬಗ್ಗಿ ಶ್ರಾವ್ಯಳ ಸೀರೆಯ ನೆರಿಗೆ ಸರಿಮಾಡಿದೆ.

ಆಮೇಲೆ ಅವರು ಆ ಮಾತನ್ನು ನನ್ನ ಹತ್ತಿರ ಎತ್ತಲಿಲ್ಲ. ನನ್ನೊಂದಿಗೆ ಮಾತೇ ಕಡಿಮೆಯಾಯಿತು. ಕೆಲವು ವರ್ಷಗಳ ಬಳಿಕ ಹೃದಯಾಘಾತದಿಂದ ತೀರಿಕೊಂಡರು. ವೈಕುಂಠ ಸಮಾರಾಧನೆಯ ದಿನ ಅಕ್ಕ ಕೇಳಿದಳು: “ನಾನು ಬೈದದ್ದು ಅವರ ಒಳ್ಳೇದಕ್ಕೇ ಅಲ್ವಾ?” “ಹೌದು ಅಕ್ಕ,” ಅಂದೆ. ಆ ಪಾಪವೂ ನನ್ನದೇ.

ಕಳೆದ ತಿಂಗಳು ಅವಳು ಕಲ್ಯಾಣದಲ್ಲಿರುವ ದೂರದ ಸಂಬಂಧಿಯೊಬ್ಬರನ್ನು ನನ್ನ ಬಳಿ ಕರೆತಂದಳು. ಅವರಿಗೂ ಅದೇ ರೋಗ, ಹಾಗೆಯೇ ಸಣ್ಣದು. ವರದಿ ನೋಡಿ, ಈಗೇನೂ ಬೇಡ, ಗಮನ ಇಟ್ಟರೆ ಸಾಕು, ಅಂದೆ. ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು.

“ಕ್ಯಾನ್ಸರ್ ಕಾಯುದಿಲ್ಲ ಅಂದಿದ್ದಿ ನಮಗೆ.”

ಆ ಭಾನುವಾರ ಸಾನಪಾಡಾಕ್ಕೆ ಹೋಗಿ ಎಲ್ಲವನ್ನೂ ಹೇಳಿದೆ. ಹಿರಿಯ ಡಾಕ್ಟರ ಮಾತು, ಲೆಕ್ಕ ಇಟ್ಟಿಲ್ಲವೆಂದದ್ದು, ಸುಟ್ಟದ್ದು, ಸೋಮಾರಿ ಎಂದದ್ದು, ಭಾವ ಬಂದು ಬೇಡಿಕೊಂಡದ್ದು. ಮುಗಿದ ಮೇಲೆ ಅವಳು ಕೇಳಿದ್ದು ಒಂದನ್ನೇ.

“ಅವರಿಗೆ ಯಾವಾಗ ಗೊತ್ತಾಯ್ತು? ಮದುವೆಗಿಂತ ಮೊದಲಾ?”

“ಮೊದಲು.”

“ಹಾಲ್‌ನಲ್ಲಿ ನೀನು ಅಲ್ಲೇ ನಿಂತಿದ್ದಿ.”

“ನಿಂತಿದ್ದೆ.”

ಅವಳು ಅಳಲಿಲ್ಲ, ಬೈಯಲೂ ಇಲ್ಲ. ಎದ್ದು ಭಾವನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಅವಳ ದನಿ ಕೇಳಿಸಿತು. ಆ ಮನೆಯಲ್ಲಿ ಆಗ ನಾವಿಬ್ಬರಲ್ಲದೆ ಬೇರೆ ಯಾರೂ ಇರಲಿಲ್ಲ.

“ನನಗೆ ತಿರುಗಿ ಒಂದು ಪೆಟ್ಟಾದ್ರೂ ಹೊಡೀಬಾರ್ದಿತ್ತಾ ನೀವು...”

ನಾನು ಸದ್ದಾಗದಂತೆ ಹೊರಬಾಗಿಲು ಎಳೆದುಕೊಂಡು ಮೆಟ್ಟಿಲು ಇಳಿದೆ. ಕ್ಷಮೆ ಕೇಳಿರಲಿಲ್ಲ. ಕೇಳುವುದೂ ಇಲ್ಲ.