ಅವ್ವನಿಗೂ ಗಣಿತದ ಪಾಠ

ಹುಮನಾಬಾದ್ ಬಸ್ ನಿಲ್ದಾಣದಲ್ಲಿ ಹೆಂಗಸೊಬ್ಬರು ನನ್ನನ್ನು ತಡೆದು ನಿಲ್ಲಿಸಿದರು. ಮಂಠಾಳದ ಶಾಲೆಯಲ್ಲಿ ನಾನು ಕಲಿಸುವ ಐದನೇ ತರಗತಿಯಲ್ಲಿ ಭಿನ್ನರಾಶಿ ಎಂದರೆ ತಲೆ ತಗ್ಗಿಸಿ ಕೂರುವ ಅಂಬಿಕಾಳ ತಾಯಿ.

“ಟೀಚರ್, ನಿಮ್ಮ ಸಲುವಾಗಿ ನಮಗ ಬಿಸಿ ರೊಟ್ಟಿ ಸಿಗವಲ್ದಾಗ್ಯಾದ್ರಿ. ನಮ್ ಹುಡುಗಿ ರೊಟ್ಟಿ ಮುರದು ಹಿಡಿದು, ಇದು ಎಷ್ಟನೇ ಭಾಗ ಹೇಳು ಅಂತ ಕೇಳಾಕತ್ತಾಳ. ಹೇಳಲಿಲ್ಲಂದ್ರ ಕೊಡಂಗಿಲ್ಲ.”

 ಆಮೇಲೆ ಹತ್ತಿರ ಬಂದು ದನಿ ತಗ್ಗಿಸಿದರು. “ಮೂರು ಪಾಲು ಮಾಡಿದ್ರ ಒಂದಕ್ಕ ಏನಂತಾರ್ರಿ? ಇವತ್ತ ಅದನ್ನ ಕೇಳ್ತಾಳ.”

ಚೀಲದಲ್ಲಿದ್ದ ಬಾಳೆಹಣ್ಣು ಮುರಿದು ಹೇಳಿಕೊಟ್ಟೆ. “ಮೂರನೇ ಒಂದು, ಮೂರನೇ ಒಂದು” ಎನ್ನುತ್ತಲೇ ಅವರು ಬಸ್ಸು ಹತ್ತಿದರು.

ನನ್ನ ಪಾಠ ಯಾರಿಗೂ ತಲುಪುತ್ತಿಲ್ಲವೆಂದು ಆ ವಾರವೆಲ್ಲ ಕುಗ್ಗಿದ್ದೆ. ಈಗ ಬೆಳಿಗ್ಗೆ ಸೀಮೆಸುಣ್ಣ ಕೈಗೆತ್ತಿಕೊಂಡಾಗ, ಸಂಜೆ ಯಾರ ಮನೆಯಲ್ಲಿ ಯಾರಿಗೆ ಪರೀಕ್ಷೆ ಕಾದಿದೆಯೋ ಎಂದು ನಗು ಬರುತ್ತದೆ, ಕಲಿಸುವ ಹುರುಪೂ ಬರುತ್ತದೆ.