ಕೊಟ್ಟಾರದ ನಮ್ಮ ರಸ್ತೆಯ ಸೊಟ್ಟ

ನಿನ್ನೆ ಆಟೋದಲ್ಲಿ ಮನೆಗೆ ಬರುತ್ತಿದ್ದಾಗ ನಮ್ಮ ಅಡ್ಡರಸ್ತೆಯ ತಿರುವಿನಲ್ಲಿ ತಲೆ ಕಂಬಿಗೆ ಬಡಿಯಿತು. ನೆಟ್ಟಗೆ ಬರುವ ರಸ್ತೆ ಅಲ್ಲಿ ತಟಕ್ಕನೆ ಎಡಕ್ಕೆ ಹೊರಳಿ, ನಾಲ್ಕು ಹೆಜ್ಜೆ ಕಳೆದು ಮತ್ತೆ ನೆಟ್ಟಗಾಗುತ್ತದೆ. ಆಸುಪಾಸಿನಲ್ಲಿ ಮರವಿಲ್ಲ, ಗುಡಿಯಿಲ್ಲ, ಬಂಡೆಯೂ ಇಲ್ಲ. "ಈ ರಸ್ತೆ ಮಾಡಿದವರಿಗೆ ತಲೆ ಸರಿ ಇರ್ಲಿಲ್ವಾ ಎಂತ?" ಎಂದ ಆಟೋದವನು. ನಾನು ಹಣೆ ಉಜ್ಜಿಕೊಳ್ಳುತ್ತ ಕೂತೆ. ಅವರ ತಲೆ ಎಷ್ಟು ಸರಿ ಇತ್ತು ಎಂಬುದು ನನ್ನಷ್ಟು ಗೊತ್ತಿರುವವರು ಈಗ ಹೆಚ್ಚು ಮಂದಿ ಉಳಿದಿಲ್ಲ.

ಎಪ್ಪತ್ತರ ದಶಕದಲ್ಲಿ ಅಲ್ಲಿ ರಸ್ತೆ ಇರಲಿಲ್ಲ, ತೋಡು ಇತ್ತು. ಮೇಲಿನ ಗುಡ್ಡದ ಒರತೆ ನೀರು ನಮ್ಮ ಗದ್ದೆಗಳ ನಡುವೆ ಹರಿದು ಕೂಳೂರು ಹೊಳೆ ಸೇರುತ್ತಿತ್ತು. ಮಳೆಗಾಲ ಮುಗಿದರೆ ತೋಡಿನ ದಿಕ್ಕೇ ಬದಲು. ಕಡಲು ಉಬ್ಬಿದಾಗ ಉಪ್ಪುನೀರು ಹೊಳೆಯಿಂದ ತೋಡಿಗೆ, ತೋಡಿನಿಂದ ನಮ್ಮ ಬಾವಿಗಳಿಗೆ ನೆಂಟರ ಹಾಗೆ ಬಂದು ಕೂರುತ್ತಿತ್ತು. ಆದ್ದರಿಂದ ವರ್ಷವೂ ದೀಪಾವಳಿ ಕಳೆದ ಮೇಲೆ ಎಲ್ಲ ಮನೆಯವರೂ ಸೇರಿ ತೋಡಿಗೆ ಅಡ್ಡಲಾಗಿ ಕಟ್ಟ ಹಾಕುತ್ತಿದ್ದರು. ಅಡಿಕೆ ಮರದ ಗೂಟ ಹುಗಿದು, ತೆಂಗಿನ ಗರಿಯ ಮಡಲು ಹೆಣೆದು, ನಡುವೆ ಜೇಡಿಮಣ್ಣು ಮೆಟ್ಟಿದರೆ ಕೆಳಗಿನ ಉಪ್ಪು ಕೆಳಗೆ, ಮೇಲಿನ ಸಿಹಿ ಮೇಲೆ. ಮಳೆ ಬರುವ ಮೊದಲು ಎಲ್ಲರೂ ಸೇರಿಯೇ ಅದನ್ನು ಕಡಿಯುತ್ತಿದ್ದರು. ಕೆಲಸಕ್ಕಿಂತ ಚಹಾದ ಜೊತೆಯ ಗೋಳಿಬಜೆಯೇ ಹೆಚ್ಚು ಖರ್ಚಾಗುತ್ತಿತ್ತು ಎಂಬುದು ಅಮ್ಮನ ತಕರಾರು.

ಅಕ್ಕನ ಮದುವೆ ನಿಶ್ಚಯವಾದ ವರ್ಷ ನನ್ನ ಅಪ್ಪನಿಗೂ ಆಚೆ ದಡದ ಕೊರಗಪ್ಪಣ್ಣನಿಗೂ ಮಾತು ನಿಂತಿತು. ಹಿಂದಿನ ವರ್ಷ ಕಟ್ಟಕ್ಕೆ ಮಣ್ಣು ಅಗೆದದ್ದು ತನ್ನ ಗದ್ದೆಯಿಂದಲೇ ಎಂದು ಅಪ್ಪ. ಅಲ್ಲ, ತನ್ನದರಿಂದ ಎಂದು ಅವರು. ಇಬ್ಬರ ಗದ್ದೆಯಲ್ಲೂ ಹೊಂಡವಿತ್ತು, ಅಂದರೆ ಇಬ್ಬರೂ ಹೇಳಿದ್ದು ನಿಜವೇ. ಆದರೆ ನಿಜ ಗೊತ್ತಾದ ಮಾತ್ರಕ್ಕೆ ಜಗಳ ನಿಲ್ಲಿಸುವ ಜನ ನಮ್ಮವರಲ್ಲ. ಈ ಸಲ ಅವರವರ ದಡದಿಂದ ಅವರವರ ಮಣ್ಣಿನಲ್ಲಿ ಅರ್ಧರ್ಧ ಕಟ್ಟುವುದೆಂದಾಯಿತು. ಉಳಿದ ಮನೆಯವರು ಎರಡು ಪಾಲಾಗಿ ಎರಡು ದಡದಲ್ಲಿ ಗೋಳಿಬಜೆ ತಿಂದರು.

ಇಬ್ಬರೂ ನೆಟ್ಟಗೆ ಕಟ್ಟಿದರು. ಅಪ್ಪ ಆಚೆ ದಡದ ಒಂದು ತೆಂಗಿನಮರಕ್ಕೆ ಗುರಿಯಿಟ್ಟು, ಕೊರಗಪ್ಪಣ್ಣ ಈಚೆ ದಡದ ಇನ್ನೊಂದಕ್ಕೆ. ಒಬ್ಬರನ್ನೊಬ್ಬರು ತಲೆಯೆತ್ತಿ ನೋಡದೆ ದುಡಿದದ್ದರಿಂದ ನಡುತೋಡಿನಲ್ಲಿ ಎರಡು ಕಟ್ಟಗಳೂ ಕೂಡದೆ, ಒಂದರ ಪಕ್ಕದಲ್ಲಿ ಇನ್ನೊಂದು ದಾಟಿ ಹೋದವು. ತುದಿಗಳ ನಡುವೆ ಒಬ್ಬ ಕಾಲು ಚಾಚಿ ಮಲಗುವಷ್ಟು ಸಂದು. ಉಪ್ಪುನೀರು ಆ ಸಂದಿನಲ್ಲಿ ಆರಾಮವಾಗಿ ಒಳಗೆ ಬಂತು. ಸೊಟ್ಟಗೆ ಕಟ್ಟಿದ್ದು ಅವನು ಎಂದರು ಅಪ್ಪ. ಆಚೆ ದಡದಲ್ಲಿಯೂ ಅದೇ ಮಾತು ನಡೆದಿರಬೇಕು. ಕಿತ್ತು ಸರಿಮಾಡಲು ಇಬ್ಬರೂ ಒಪ್ಪಲಿಲ್ಲ.

ನಮ್ಮ ಬಾವಿ ಉಪ್ಪಾಯಿತು. ಚಹಾದ ಹಾಲು ಒಡೆಯಿತು. ಮದುವೆ ನಡೆಯುವುದು ನಮ್ಮ ಅಂಗಳದ ಚಪ್ಪರದಲ್ಲೇ. ಗಂಡಿನವರು ಪೇಟೆಯ ಬಲ್ಮಠದವರು, ನಲ್ಲಿ ನೀರು ಕುಡಿದು ಬೆಳೆದವರು. "ಗಾಡಿಯಲ್ಲಿ ನೀರು ತರಿಸುವ" ಎಂದರು ಅಪ್ಪ. ಎಂದೂ ಎದುರು ಮಾತಾಡದ ಅಕ್ಕ, "ಕೈತೊಳೆಯುವ ನೀರನ್ನೂ ತರಿಸ್ತೀರಾ? ಉಪ್ಪುನೀರಿನ ಮನೆಯವಳು ಅಂತ ಅಲ್ಲಿ ನಾನು ಸಾಯುವವರೆಗೆ ಕೇಳ್ಬೇಕು" ಎಂದು ಅತ್ತಳು. ಅಪ್ಪ ಎದ್ದು ಹೋಗಿ ದನಕ್ಕೆ ಹುಲ್ಲು ಹಾಕಿದರು. ದನಕ್ಕೆ ಆಗಲೇ ಹಾಕಿಯಾಗಿತ್ತು.

ಮರುದಿನ ಅಮ್ಮ ವೀಳ್ಯದೆಲೆ ಹಿಡಿದು, ನನ್ನನ್ನು ಜೊತೆಗೆ ಕರೆದುಕೊಂಡು, ಮದುವೆಗೆ ಹೇಳಲು ಆಚೆ ದಡಕ್ಕೆ ಹೋದಳು. ಕೊರಗಪ್ಪಣ್ಣ ನಮ್ಮನ್ನು ಕಂಡದ್ದೇ ಹಿತ್ತಿಲಿಗೆ ನಡೆದರು. ಅವರ ಹೆಂಡತಿ ಗಿರಿಜಕ್ಕ ಚಹಾ ಕೊಟ್ಟರು. ಅಮ್ಮ ಒಂದು ಗುಟುಕು ಕುಡಿದಳು. ಮುಂದಿನ ಮಾತು ನಡೆದದ್ದು ತುಳುವಿನಲ್ಲಿ, ಅರ್ಥ ಇಷ್ಟು.

"ನಿಮ್ಮಲ್ಲಿಯೂ ಹೀಗೇ ಉಂಟಾ ಅಕ್ಕ?" ಎಂದು ಗಿರಿಜಕ್ಕ ಕೇಳಿದರು.

"ನಮ್ಮದರಲ್ಲಿ ಉಪ್ಪು ಸ್ವಲ್ಪ ಜಾಸ್ತಿ."

"ಗಂಡಸರಿಗೆ ಹೇಳುವುದಾ?"

"ಬೇಡ. ಅವರು ಕಟ್ಟಿದ್ದು ಚಂದವೇ ಉಂಟು. ನಡುವಿನದ್ದು ಮಾತ್ರ ಇಲ್ಲ."

ಎರಡು ದಿನ ಕಳೆದು, ನಾನು ಕೆಲಸ ಮಾಡುತ್ತಿದ್ದ ಬಲ್ಮಠದ ಆಫೀಸಿನಿಂದ ಬಂದು, ಬಸ್ಸಿಳಿದು ಮನೆಗೆ ನಡೆಯುವಾಗ ತೋಡಿನಲ್ಲಿ ನೀರಿಳಿದಿತ್ತು. ಕೆಸರಿನಲ್ಲಿ ಅಮ್ಮ, ಗಿರಿಜಕ್ಕ, ಮೇಲಿನ ಮನೆಯ ಮೇರಿ ಬಾಯಮ್ಮ, ಮತ್ತೆ ಎರಡು ದಡದ ಹೆಂಗಸರೆಲ್ಲ ಸೀರೆ ಎತ್ತಿ ಕಟ್ಟಿ ನಿಂತಿದ್ದರು. ಮಣ್ಣಿನ ಬುಟ್ಟಿ ಕೈಯಿಂದ ಕೈಗೆ ಬರುತ್ತಿತ್ತು, ಒಂದು ಆ ದಡದಿಂದ, ಒಂದು ಈ ದಡದಿಂದ. "ನೋಡ್ತಾ ನಿಂತದ್ದೆಂತ? ಮಡಲು ಹಿಡಿ" ಎಂದಳು ಅಮ್ಮ. ಹೊಲಿಸಿ ವಾರವಾಗದ ಬೆಲ್‌ಬಾಟಂ ಪ್ಯಾಂಟಿನಲ್ಲಿ ನಾನು ತೋಡಿಗಿಳಿದೆ. ಅದು ಎರಡು ಕಾಲಿನಲ್ಲೂ ಕೆಸರು ತುಂಬಿಕೊಂಡು, ಅಂದು ಎಲ್ಲರಿಗಿಂತ ಹೆಚ್ಚು ಮಣ್ಣು ಹೊತ್ತಿತು.

ಹೀಗೆ ಎರಡು ನೆಟ್ಟಗಿನ ಕಟ್ಟಗಳ ನಡುವೆ ಒಂದು ಅಡ್ಡಕಟ್ಟ ಬಂತು. ಸಂಜೆ ಅಪ್ಪ ಬಂದು ನೋಡಿದರು. ಆಚೆ ದಡದಲ್ಲಿ ಕೊರಗಪ್ಪಣ್ಣ ನಿಂತಿದ್ದರು. ಇಬ್ಬರ ಕಟ್ಟವೂ ಒಂದಂಗುಲ ಕದಲಿರಲಿಲ್ಲ. ಬೈಯಲು ಯಾರಿಗೂ ಏನೂ ಸಿಗಲಿಲ್ಲ.

ಮದುವೆಯ ಹೊತ್ತಿಗೆ ಬಾವಿ ಸಿಹಿಯಾಯಿತು. ಕೊರಗಪ್ಪಣ್ಣ ಬಂದರು. ಪಾಯಸ ಮುಟ್ಟುವ ಮೊದಲು ಒಂದು ಲೋಟ ನೀರು ಕುಡಿದು, ಅಪ್ಪನ ಮುಖ ನೋಡದೆ, "ನೀರು ಅಡ್ಡಿಲ್ಲ" ಎಂದರು. ಅಪ್ಪ ಅವರ ಎಲೆಗೆ ತಾವೇ ಪಾಯಸ ಬಡಿಸಿದರು.

ಮುಂದಿನ ವರ್ಷಗಳಲ್ಲಿಯೂ ಕಟ್ಟ ಹಾಗೆಯೇ: ಗಂಡಸರು ನೆಟ್ಟಗೆ, ಹೆಂಗಸರು ಅಡ್ಡ. ಎಂಬತ್ತರ ದಶಕದಲ್ಲಿ ನಲ್ಲಿ ಬಂತು, ಗದ್ದೆ ತುಂಬಿಸಿ ಮನೆಗಳೆದ್ದವು, ಕಟ್ಟದ ಮೇಲೆಯೇ ಜಲ್ಲಿ ಸುರಿದು, ಅಡಿಯಲ್ಲಿ ತೋಡಿನ ನೀರಿಗೆ ಪೈಪು ಇಟ್ಟು, ರಸ್ತೆ ಮಾಡಿದರು. ಆ ತಿರುವನ್ನು ನಾನೂ ದಿನಾ ಬೈದುಕೊಂಡೇ ದಾಟುತ್ತಿದ್ದೆ. ನಿನ್ನೆ ತಲೆಗೆ ಪೆಟ್ಟು ಬಿದ್ದ ಮೇಲೆಯೇ ಎಲ್ಲ ನೆನಪಾದದ್ದು.

ಮನೆ ಮುಂದೆ ಇಳಿಯುವಾಗ ಆಟೋದವನಿಗೆ ಹೇಳಿದೆ: "ಹೋಗುವಾಗ ಅಲ್ಲಿ ನಿಧಾನ ಹೋಗು ಮಾರಾಯ. ಅದು ನನ್ನ ಅಮ್ಮ ಕಟ್ಟಿದ್ದು."

"ಹೌದಾ? ಅವರು ಇಂಜಿನಿಯರಾ?"

"ಅಲ್ಲ. ಮನೆಯಲ್ಲಿ ಮದುವೆ ಇತ್ತು. ಪಾಯಸಕ್ಕೆ ಸಿಹಿನೀರು ಬೇಕಿತ್ತು."